ದ್ರಾಕ್ಷಿ ತೋಟದ ಫೋಟೋ

ನಾಸಿಕದ ಹತ್ತಿರದ ಒಂದು ಹಳ್ಳಿ
೧೮ ಏಪ್ರಿಲ್ ೧೯೮೨, ರವಿವಾರ

ಪ್ರೀತಿಯ ಅಖ್ತರ್,

ನಿಮ್ಮಪ್ಪ ಖಾಕಿ ತಾಡಪತ್ರಿಯಲ್ಲಿ ಹೊಲಿದುಕೊಟ್ಟ ಬೆನ್ನಚೀಲಗಳು ಇನ್ನೂ ಹತ್ತು ವರ್ಷ ಬಾಳುತ್ತವೆ. ನನ್ನ ಹೆಗಲು ಬಾಳುತ್ತದೋ ಇಲ್ಲವೋ ಗೊತ್ತಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಚೀಲ ಏರಿಸಿಕೊಂಡು ನಿಂತಾಗ ಒಬ್ಬ ಹಮಾಲ ಇವರನ್ನು ಕೇಳಿಯೇಬಿಟ್ಟ: "ಮಿಲ್ಟ್ರಿಗೆ ಹೊಂಟ್ರೇನ್ರಿ ಸಾಹೇಬ್ರ? ಬಾಯಾರನ್ನೂ ಭರ್ತಿ ಮಾಡ್ಕೊಂಡಾರೇನು?"

ಮೊದಲು ಅತ್ತೆಯವರಿಗೆ ಓದಿ ಹೇಳುವ ಸುದ್ದಿ. ಬಂದ ದಿನವೇ ಗುಡ್ಡದ ಮೇಲಿನ ಬೌದ್ಧ ಗವಿಗಳಿಗೆ ಹೋದೆವು. 'ಬುದ್ಧನ ಜಾಗಗಳನ್ನು ನೋಡಿ ಬರುತ್ತೇವೆ' ಎಂದು ಅವರಿಗೆ ಹೇಳಿ ಹೊರಟಿದ್ದೇವಲ್ಲ, ಅದು ಪೂರ್ತಿ ಸುಳ್ಳಾಗಬಾರದು. ಮಾವನವರು ಬೌದ್ಧ ದೀಕ್ಷೆ ತೆಗೆದುಕೊಂಡಾಗಿನಿಂದ ಇಂಥ ಒಂದು ಜಾಗ ನೋಡಬೇಕೆಂದು ಹಂಬಲಿಸಿ, ನೋಡದೆಯೇ ಹೋದರು. ಗವಿಯ ತಂಪಿನಲ್ಲಿ ಇವರು ಅಪ್ಪನ ಹೆಸರು ಹೇಳಿ ಕೈಮುಗಿದು ಬಹಳ ಹೊತ್ತು ಕೂತಿದ್ದರು.

ಇನ್ನು ಮುಂದಿನದು ನಿನಗೆ ಮಾತ್ರ.

ಎರಡು ದಿನದಿಂದ ಬರೀ ದ್ರಾಕ್ಷಿ ತೋಟಗಳ ನಡುವೆ ನಡೆಯುತ್ತಿದ್ದೇವೆ. ಸುಗ್ಗಿ ಮುಗಿಯುತ್ತ ಬಂದಿದೆ. ಕಡೆಯ ಗೊಂಚಲುಗಳು ಚಪ್ಪರದಿಂದ ಇಳಿಬಿದ್ದು ತಲೆಗೆ ತಾಗುತ್ತವೆ. ಮಧ್ಯಾಹ್ನದ ಬಿಸಿಲಲ್ಲಿ ನಮ್ಮನ್ನು ಕಂಡ ಒಬ್ಬ ತೋಟದ ಯಜಮಾನ, ಸರಕಾರದಿಂದ ಭೂಮಿ ಅಳೆಯಲು ಬಂದವರೇ ಎಂದು ಕೇಳಿದ. "ಅಲ್ಲ, ಸುಮ್ಮನೆ ನಡೆಯಲು ಬಂದಿದ್ದೇವೆ" ಎಂದು ಇವರು ತಮ್ಮ ಹರಕು ಮರಾಠಿಯಲ್ಲಿ ಹೇಳಿದರು. "ಸುಮ್ಮನೆ?" ಎಂದು ಆತ ಹೆಂಡತಿಯನ್ನು ಕರೆದು ತೋರಿಸಿದ. ಆಕೆಯೂ ನಕ್ಕಳು. ಮನೆಗೆ ಬಂದ ಪಾವಣೇರು ಎಂದು ಹಿಡಿದು ಕೂರಿಸಿದವರು ಇನ್ನೂ ಬಿಟ್ಟಿಲ್ಲ.

ತೋಟದ ಹಿಂದೆ ಒಂದು ತಗಡಿನ ಶೆಡ್ಡು, ಒಳಗೆ ಕಟ್ಟಿಗೆಯ ಪೀಪಾಯಿಗಳು. ದ್ರಾಕ್ಷಿ ಹಿಂಡಿ, ಹುಳಿಸಿ, ವೈನ್ ಮಾಡುತ್ತಾರೆ. ನಿನ್ನೆ ಸಂಜೆ ಯಜಮಾನಿಯೇ ಒಂದು ಗ್ಲಾಸು ತಂದು ನನ್ನ ಕೈಗಿಟ್ಟಳು. ಇವರ ಮುಖ ನೋಡಿದೆ. "ನನ್ನ ಮಾರಿ ಏನು ನೋಡ್ತಿ, ಗ್ಲಾಸ್ ನೋಡು" ಎಂದರು. ಕುಡಿದೆ, ಅಖ್ತರ್! ಮೊದಲು ಹುಳಿ, ಆಮೇಲೆ ಒಗರು, ಆಮೇಲೆ ಕಿವಿ ಬಿಸಿ. ನಾಲಗೆ ಸ್ವಲ್ಪ ತೊದಲಿತು. ಮುಳ್ಳುಕಂಟಿಗೆ ಸಿಕ್ಕು ಸೀರೆ ಹರಿದಿತ್ತು, ಹಾಗಾಗಿ ಇವರ ಪ್ಯಾಂಟು ಹಾಕಿಕೊಂಡಿದ್ದೆ, ಕೆಳಗೆ ಎರಡು ಸಲ ಮಡಚಿ. ಯಜಮಾನನ ತಮ್ಮ ಕ್ಯಾಮೆರಾ ತಂದು ನಿಲ್ಲಿಸಿ ಫೋಟೋ ತೆಗೆದ. ಕಾಪಿ ಕಳಿಸುತ್ತೇನೆಂದು ವಿಳಾಸ ಬರೆದುಕೊಂಡ. ಇವರು ಯಾವ ವಿಳಾಸ ಕೊಟ್ಟರೋ ನಾನು ಕೇಳಲಿಲ್ಲ.

ನಗುತ್ತ ನಗುತ್ತ ಒಮ್ಮೆಲೇ ಅತ್ತೆಯವರ ನೆನಪಾಯಿತು. ಹೋದ ಜೂನ್‌ನಲ್ಲಿ ಕೂಸು ಮೂರೇ ದಿನಕ್ಕೆ ಹೋದಾಗಿನಿಂದ ಅವರು ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದಾರೆ. ತಾಟು ಇಡುತ್ತಾರೆ, ತಲೆ ತಗ್ಗಿಸಿ ಹೋಗುತ್ತಾರೆ. ಎಂಟು ತಿಂಗಳು ತುಂಬುವವರೆಗೂ ಶಿಗ್ಗಾಂವಿ ಬಸ್ಸಿನಲ್ಲಿ ನಿಂತು ಸಾಲಿಗೆ ಪಾಠ ಮಾಡಲು ಹೋದೆನಲ್ಲ, ಅದಕ್ಕೇ ಕೂಸು ಉಳಿಯಲಿಲ್ಲ ಎಂಬುದು ಅವರ ಮನಸ್ಸಿನಲ್ಲಿದೆ. ಅವರ ಮುಂದೆ, ವರ್ಷ ತುಂಬುವ ಮೊದಲೇ ನಾವು ಚೀಲ ಹೊತ್ತು ನಗಲು ಹೊರಟಿದ್ದೇವೆ ಎಂದು ಹೇಗೆ ಹೇಳುವುದು?

ಮುಂದಿನ ಕಾಗದ ಹಿಮಾಚಲದ ಮಂಡಿಯ ದೊಡ್ಡ ಅಂಚೆ ಕಚೇರಿಗೆ ಬರೆ. ನಾವು ಬಂದು ಕೇಳುವವರೆಗೆ ಇಟ್ಟುಕೊಳ್ಳುತ್ತಾರೆ.

ನಿನ್ನ
ಶಾರವ್ವ

*

ಸವಣೂರು
೨೩ ಏಪ್ರಿಲ್ ೧೯೮೨

ಶಾರೂ,

ನಿನ್ನಿಂದಾಗಿ ನಾನು ನರಕಕ್ಕೆ ಹೋಗುವುದು ಖಾತ್ರಿ. ಆದರೆ ಹೋಗುವಾಗ ನಗುತ್ತ ಹೋಗುತ್ತೇನೆ.

ಕಾಗದ ಬಂದ ಸುದ್ದಿ ನನಗಿಂತ ಮೊದಲೇ ನಿಮ್ಮತ್ತೆಗೆ ಗೊತ್ತಾಗಿತ್ತು. ಎಲೆ ಸಂಚಿ ಹಿಡಿದು ನಮ್ಮ ಕಟ್ಟೆಯ ಮೇಲೆ ಬಂದು ಕೂತರು. ಗವಿಯ ಸಂಗತಿ ಓದಿದೆ. "ನಮ್ಮ ಮನಿಯವರಿಗೆ ಎಷ್ಟು ಆಸೆ ಇತ್ತು" ಎಂದು ಕಣ್ಣೊರೆಸಿಕೊಂಡರು. ಅಲ್ಲಿಗೆ ನಿಲ್ಲಿಸಬೇಕೆಂದಿದ್ದೆ.

"ಅಷ್ಟ? ಹಾಳಿ ಇನ್ನೂ ಎರಡದಾವಲ್ಲ."

ಏನು ಮಾಡಲಿ? ಓದುತ್ತ ಹೋದೆ. ದ್ರಾಕ್ಷಿ ತೋಟವನ್ನು ಬೋಧಿವೃಕ್ಷದ ತೋಟ ಮಾಡಿದೆ. ಯಜಮಾನನನ್ನು ಭಿಕ್ಕು ಮಾಡಿದೆ. ಪೀಪಾಯಿಯನ್ನು ನುಂಗಿಕೊಂಡೆ. ಗ್ಲಾಸು ಬಂದಾಗ, ತೀರ್ಥ ಕೊಟ್ಟರು ಎಂದೆ. ಅಷ್ಟರಲ್ಲಿ ಕಣ್ಣು ಮುಂದೆ ಓಡಿ, ಬಾಯಿ ತಪ್ಪಿ, "ನಾಲಗೆ ಸ್ವಲ್ಪ ತೊದಲಿತು" ಎಂದು ಇದ್ದದ್ದನ್ನೇ ಓದಿಬಿಟ್ಟೆ.

"ತೀರ್ಥ ಕುಡದ್ರ ನಾಲಿಗಿ ತೊದಲ್ತತೇನವ್ವಾ?"

"ಭಾಳ ಶಕ್ತಿ ಇರೋ ತೀರ್ಥ ಅಂತರಿ, ಅವ್ವಾರ."

ಅವರು ಎಲೆಗೆ ಸುಣ್ಣ ಸವರಿದರು. "ಹಂಗಾರ ಒಂದು ಬಾಟ್ಲಿ ತರಾಕ ಬರಿ. ಮೊಣಕಾಲಿಗೆ ಹಚ್ಚಿ ನೋಡ್ತೇನಿ."

ಒಳಗಿನಿಂದ ನಮ್ಮಮ್ಮ ಜನ್ನತಬಿ ಕೆಮ್ಮುವ ಹಾಗೆ ನಗುತ್ತಿದ್ದಳು. ಅವಳಿಗೆ ಎಲ್ಲ ಹೇಳಿದ್ದೇನೆ, ಕ್ಷಮಿಸು.

ಕಡೆಯ ಭಾಗ, ನೀನು ಅತ್ತೆಯವರ ಬಗ್ಗೆ ಬರೆದದ್ದು, ಓದಲಿಲ್ಲ. ಆದರೆ ಏಳುವಾಗ ಅವರೇ ಕೇಳಿದರು: "ನನ್ನ ಸುದ್ದಿ ಏನೂ ಬರದಿಲ್ಲೇನು ಅಕಿ?" ನಿಮ್ಮ ಆರೋಗ್ಯ ಕೇಳಿದ್ದಾಳೆ ಎಂದೆ. "ಹೂಂ" ಎಂದು ಸೆರಗು ಕೊಡವಿಕೊಂಡು ಹೋದರು. ಆ ಒಂದು ಸುಳ್ಳು ಮಾತ್ರ ನನಗೆ ರುಚಿಸಲಿಲ್ಲ.

ಅಖ್ತರುನ್ನೀಸಾ

*

ಮಂಡಿ, ಹಿಮಾಚಲ
೩೦ ಏಪ್ರಿಲ್ ೧೯೮೨

ಪ್ರೀತಿಯ ಅಖ್ತರ್,

ಅಂಚೆ ಕಚೇರಿಯ ಮೆಟ್ಟಿಲ ಮೇಲೆಯೇ ಕೂತು ನಿನ್ನ ಕಾಗದ ಓದಿದೆವು. 'ಮೊಣಕಾಲಿಗೆ' ಎಂಬಲ್ಲಿ ಬಂದಾಗ ಇವರು ಎಷ್ಟು ನಕ್ಕರೆಂದರೆ ಕಾವಲುಗಾರ ಬಂದು, ಏನಾಯಿತು ಎಂದು ವಿಚಾರಿಸಿಕೊಂಡು ಹೋದ.

ಇಲ್ಲಿ ಊರಿನ ಮಧ್ಯದಲ್ಲೇ ಹೊಳೆ. ಹಸಿರು ನೀರು, ಬಂಡೆಗೆ ಹೊಡೆಯುವ ಸಪ್ಪಳಕ್ಕೆ ಮಾತು ಕೇಳುವುದಿಲ್ಲ. ನಮ್ಮ ಭೂಗೋಳದ ಮಾಸ್ತರರು ಹನ್ನೆರಡು ವರ್ಷದಿಂದ ಶಿಗ್ಗಾಂವಿ ಹೈಸ್ಕೂಲಿನ ಬೋರ್ಡಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಹಿಮಾಲಯ ಬರೆದವರು. ಬಸ್ಸಿನ ಕಿಟಕಿಯಿಂದ ಮೊದಲ ಹಿಮದ ಬೆಟ್ಟ ಕಂಡಾಗ ನನ್ನ ತೊಡೆಗೆ ಬಡಿದು, "ಲೇ, ಖರೇನ ಐತಿ!" ಎಂದು ಕೂಗಿದರು. ಬಸ್ಸಿನ ಮಂದಿಯೆಲ್ಲ ತಿರುಗಿ ನೋಡಿತು. ಅವರ ಹಿಂದಿಯಂತೂ ಕೇಳಬೇಡ. ನಿನ್ನೆ ಒಬ್ಬ ಪೊಲೀಸನಿಗೆ "ಭಾಯಿಸಾಬ್, ಯಹಾಂ ಕೆರಿ ಕಿಧರ್ ಹೈ?" ಎಂದು ಕೇಳಿದರು. ಹಿಂದಿಯಲ್ಲಿ ಕೇರಿ ಎಂದರೆ ಮಾವಿನಕಾಯಿ, ಆತ ಪಾಪ ಅದರ ಅಂಗಡಿ ತೋರಿಸಿದ. ಇಲ್ಲಿ ನಮ್ಮ ಹೊಟ್ಟೆ ತುಂಬಿಸುತ್ತಿರುವುದು ನಿಮ್ಮನೆಯ ಅಂಗಳದಲ್ಲಿ ಕೂತು ಮಾತಾಡಿ ನಾನು ಕಲಿತ ಉರ್ದು.

ನಾಳೆ ರಿವಾಲ್ಸರ್ ಎಂಬ ಕೆರೆಗೆ ಹೋಗುತ್ತೇವೆ. ದಂಡೆಯ ಮೇಲೆ ಬೌದ್ಧ ಮಠ ಇದೆಯಂತೆ. ಅಲ್ಲಿಂದ ಪರಾಶರ ಎಂಬ ಇನ್ನೊಂದು ಕೆರೆಗೆ. ಅದು ಒಂಬತ್ತು ಸಾವಿರ ಅಡಿ ಮೇಲೆ, ಕಡೆಯ ದಾರಿ ನಡೆದೇ ಹತ್ತಬೇಕು. ಇವರು ನಕ್ಷೆಯಲ್ಲಿ ಅದರ ಸುತ್ತ ಕೆಂಪು ಪೆನ್ಸಿಲಿನಿಂದ ಎಷ್ಟು ಸಲ ತಿದ್ದಿದ್ದಾರೆಂದರೆ ಅಲ್ಲಿ ಕಾಗದವೇ ತೂತಾಗಿದೆ.

ಹಿಮ್ಮಡಿಗೆ ಸಣ್ಣ ಬೊಬ್ಬೆ ಎದ್ದಿದೆ. ಅಷ್ಟೆ.

ಕಾಗದ ರಿವಾಲ್ಸರ್ ಅಂಚೆಗೆ ಹಾಕು.

ಶಾರವ್ವ

*

ಸವಣೂರು
೧ ಮೇ ೧೯೮೨

ಶಾರೂ,

ಸಿಕ್ಕಿಬಿದ್ದೆವು.

ಬುಧವಾರ ಮಧ್ಯಾಹ್ನ ನಿಮ್ಮತ್ತೆ ಒಂದು ಲಕೋಟೆ ಹಿಡಿದುಕೊಂಡು ಬಂದರು. ನಾಸಿಕದ್ದು. ನಿನ್ನ ಗಂಡ ಮನೆಯ ವಿಳಾಸವನ್ನೇ ಕೊಟ್ಟಿದ್ದಾನೆ, ಭೂಗೋಳದ ಪಂಡಿತ! ಲಕೋಟೆ ಆಗಲೇ ಒಡೆದಿತ್ತು. ಫೋಟೋವನ್ನು ನನ್ನ ಮುಂದಿಟ್ಟು ಕೇಳಿದರು:

"ಇದು ಯಾವ ಗುಡಿ?"

ನೋಡಿದೆ. ಪ್ಯಾಂಟು, ಕ್ಯಾನ್ವಾಸ್ ಬೂಟು, ಕೈಯಲ್ಲಿ ಗ್ಲಾಸು, ತಲೆಯ ಮೇಲೆ ದ್ರಾಕ್ಷಿ, ಬಾಯಿ ಕಿವಿಯವರೆಗೆ. ಅಪ್ಪ ಮಷೀನು ತುಳಿಯುವುದನ್ನು ನಿಲ್ಲಿಸಿದರು.

ನಿಮ್ಮತ್ತೆ ಫೋಟೋವನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದರು. ಸಣ್ಣ ದನಿಯಲ್ಲಿ, "ನಗಾಕತ್ತಾಳ" ಎಂದರು. ಆಮೇಲೆ ನನ್ನ ಪಕ್ಕದಲ್ಲಿ ಕೂತು, "ತೀರ್ಥದ ಕಾಗದ ತಗೀ. ಅಕಿ ಏನು ಬರದಾಳ ಅದನ್ನ ಓದು. ನೀ ಕಟ್ಟಿದ್ದು ಬ್ಯಾಡ" ಎಂದರು.

ಶಾರೂ, ಓದಿದೆ. ಎಲ್ಲ ಓದಿದೆ. ಕಡೆಯ ಭಾಗವನ್ನೂ. ಬಿಟ್ಟು ಓದಿದ್ದರೆ ಅವರಿಗೆ ಗೊತ್ತಾಗುತ್ತಿತ್ತು, ನನ್ನ ಮುಖದ ಮೇಲಿಂದ ಕಣ್ಣು ತೆಗೆದಿರಲಿಲ್ಲ. ಮುಗಿದಾಗ ಫೋಟೋವನ್ನು ಎಲೆ ಸಂಚಿಯಲ್ಲಿಟ್ಟುಕೊಂಡು ಎದ್ದು ಹೋದರು.

ನಿನ್ನೆ ಬೆಳಿಗ್ಗೆ ಮನೆಗೆ ಕೀಲಿ ಹಾಕಿ, ಕೀಲಿಕೈ ನಮ್ಮಮ್ಮನ ಕೈಗೆ ಕೊಟ್ಟು, ಹಾನಗಲ್ಲಿಗೆ ತಮ್ಮನ ಮನೆಗೆ ಹೊರಟುಹೋದರು. ಯಾವಾಗ ಬರುತ್ತೀರಿ ಎಂದು ಅಮ್ಮ ಕೇಳಿದ್ದಕ್ಕೆ, "ನೋಡ್ತೇನಿ" ಎಂದರಂತೆ.

ತಪ್ಪು ಮಾಡಿದೆನೋ ಏನೋ. ನೀನೇ ಹೇಳು.

ಅಖ್ತರ್

*

ರಿವಾಲ್ಸರ್
೭ ಮೇ ೧೯೮೨, ಶುಕ್ರವಾರ

ಅಖ್ತರ್,

ಮಂಡಿಯ ಅಂಚೆಯವರು ನಿನ್ನ ಕಾಗದವನ್ನು ಇಲ್ಲಿಗೆ ಕಳಿಸಿಕೊಟ್ಟರು. ನಿನ್ನದು ತಪ್ಪಿಲ್ಲ. ತಪ್ಪು ನನ್ನದು. ಅತ್ತೆಯವರು ಮನೆ ಬಿಟ್ಟು ಹೋಗುವ ಹಾಗೆ ಮಾಡಿದೆ. ಕೀಲಿಕೈ ಕೊಟ್ಟು ಹೋದರು ಎಂದರೆ ಅರ್ಥ ಏನು? ಸೊಸೆ ಬಂದರೆ ಅವಳೇ ತೆಗೆದುಕೊಂಡು ಒಳಗೆ ಹೋಗಲಿ, ನಾನು ಇರುವುದಿಲ್ಲ ಎಂದೇ ಅಲ್ಲವೇ?

ಇವತ್ತೇ ಹೊರಡೋಣ ಎಂದೆ. ಆರು ವರ್ಷದಲ್ಲಿ ಇವರು ನನ್ನ ಮೇಲೆ ದನಿ ಎತ್ತಿದ್ದು ಇದೇ ಮೊದಲು. "ನಮ್ಮವ್ವ ಸಿಟ್ಟು ಬಂದ್ರ ಮನ್ಯಾಗ ಕುಂತು ಭಾಂಡೆ ಬಡೀತಾಳ. ಊರು ಬಿಟ್ಟು ಹೋಗೂದಿಲ್ಲ. ಅಕಿನ್ನ ನೀ ಆರು ವರ್ಷ ಕಂಡಿ, ನಾ ಮೂವತ್ತೈದು ವರ್ಷ ಕಂಡೇನಿ" ಎಂದರು.

"ಹಂಗಾರ ಯಾಕ ಹೋದ್ರು?"

ಸಂಜೆಯವರೆಗೆ ಇಬ್ಬರೂ ಕೆರೆಯ ಎರಡು ಕಡೆ ಕೂತೆವು. ಇಲ್ಲಿನ ನೀರಿನಲ್ಲಿ ಜೊಂಡಿನ ನಡುಗಡ್ಡೆಗಳು ತೇಲುತ್ತವೆ. ಮಂದಿ ಮಂಡಕ್ಕಿ ಎಸೆದರೆ ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬೀಳುತ್ತವೆ. ಮಠದ ಕೆಂಪು ವಸ್ತ್ರದ ಮುದುಕರೊಬ್ಬರು ನನ್ನ ಕೈಗೂ ಒಂದು ಹಿಡಿ ಮಂಡಕ್ಕಿ ಹಾಕಿ ಹೋದರು. ಎಸೆಯಲು ಮನಸ್ಸಾಗಲಿಲ್ಲ. ಕಡೆಗೆ ನಾನೇ ತಿಂದೆ.

ಬೊಬ್ಬೆಯ ಸಂಗತಿ ಚಿಕ್ಕದು ಮಾಡಿ ಬರೆದಿದ್ದೆ. ಹಿಮ್ಮಡಿ ಪೂರ್ತಿ ಸುಲಿದಿದೆ. ಮಠದಲ್ಲಿ ಮುಲಾಮು ಹಚ್ಚಿ ಒಂದು ವಾರ ನಡೆಯಬೇಡ ಎಂದಿದ್ದಾರೆ. ಹಾಗಾಗಿ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಮುಂದಿನ ಶುಕ್ರವಾರದವರೆಗೆ ಇಲ್ಲೇ ಟಪಾಲು ಕಾಯುವುದು. ನಿನ್ನಿಂದ ಒಳ್ಳೆಯ ಸುದ್ದಿ ಬರದಿದ್ದರೆ ಅವತ್ತಿನ ಬಸ್ಸಿಗೆ ಊರ ಕಡೆ ತಿರುಗುವುದು. ಮೇಲಿನ ಕೆರೆ ನೋಡುವುದಿಲ್ಲ. ಇವರು ನಕ್ಷೆ ಮಡಚಿ ಚೀಲದ ತಳಕ್ಕೆ ಹಾಕಿದ್ದಾರೆ. ಅದೇ ಹೆಚ್ಚು ನೋಯಿಸುತ್ತದೆ.

ಶಾರವ್ವ

*

ಸವಣೂರು
೮ ಮೇ ೧೯೮೨

ಶಾರೂ, ಶಾರೂ, ಶಾರೂ,

ನಿಂತಿದ್ದರೆ ಕೂತುಕೋ. ನಿಮ್ಮತ್ತೆ ನಿನ್ನೆ ಸಂಜೆಯ ಬಸ್ಸಿಗೆ ಬಂದರು. ಒಂದು ವಾರ ಎಲ್ಲಿದ್ದರು ಗೊತ್ತೇ? ಮೊದಲು ಹಾನಗಲ್ಲು, ತಮ್ಮ ಗುತ್ತೆಪ್ಪನ ಮನೆ. ಅಲ್ಲಿಂದ ಹಿರೇಕೆರೂರು, ಮಗಳು ಅಡಿವೆವ್ವನ ಮನೆ. ಅಲ್ಲಿಂದ ರಟ್ಟೀಹಳ್ಳಿಯಲ್ಲಿ ನಾದಿನಿ. ಬರುವಾಗ ತಡಸದ ನಿನ್ನ ತವರಿಗೂ ಹೋಗಿ ಬಂದಿದ್ದಾರೆ. ಹೋದ ಕಡೆಯೆಲ್ಲ ಒಂದೇ ಕೆಲಸ. ಎಲೆ ಸಂಚಿ ಬಿಚ್ಚುವುದು, ನಿನ್ನ ಫೋಟೋ ತೆಗೆಯುವುದು, "ನೋಡ್ರಿ, ನನ್ನ ಸೊಸಿ ನಗಾಕತ್ತಾಳ" ಎನ್ನುವುದು!

ಅಡಿವೆವ್ವನ ಅತ್ತೆ, "ಇದೇನ್ರಿ, ಗಂಡಸರ ಪ್ಯಾಂಟ್ ಹಾಕ್ಯಾಳ?" ಎಂದರಂತೆ.

"ಪ್ಯಾಂಟ್ ನೋಡಬ್ಯಾಡ್ರಿ. ಮಾರಿ ನೋಡ್ರಿ" ಎಂದರಂತೆ ಇವರು.

ಗುತ್ತೆಪ್ಪ ಕನ್ನಡಕ ಏರಿಸಿ, ಗ್ಲಾಸಿನಲ್ಲಿ ಏನಿದೆ ಎಂದು ಕೇಳಿದನಂತೆ. ಇವರು ಮುಖ ಬಿಗಿಹಿಡಿದು, "ತೀರ್ಥ" ಎಂದು ಹೇಳಿ ಫೋಟೋ ಕಸಿದುಕೊಂಡರಂತೆ. ಇದನ್ನು ನಮ್ಮ ಕಟ್ಟೆಯ ಮೇಲೆ ಕೂತು ಹೇಳುವಾಗ ಅವರೂ ನಕ್ಕರು, ಅಮ್ಮನೂ ನಕ್ಕಳು. ಅಪ್ಪ ಸೂಜಿಗೆ ದಾರ ಪೋಣಿಸಲಾಗದೆ ಬಿಟ್ಟುಬಿಟ್ಟರು. ಫೋಟೋದ ಒಂದು ಮೂಲೆಗೆ ಸುಣ್ಣ ಹತ್ತಿದೆ, ಇನ್ನೊಂದು ಮೂಲೆ ಮುರಿದಿದೆ.

ಮಂಡಿಯಿಂದ ಬಂದ ನಿನ್ನ ಕಾಗದವನ್ನು ಆಮೇಲೆ ಪೂರ್ತಿ ಓದಿದೆ. ಕೆರಿ ಕಿಧರ್ ಹೈ ಎಂಬುದನ್ನು ಎರಡು ಸಲ ಓದಿಸಿದರು. ಅದಾದ ಮೇಲೆ, "ಇನ್ನ ನಾ ಹೇಳ್ತೇನಿ, ಬರಿ. ನಿನ್ನ ಚಂದ ಮಾತು ಸೇರಸಬ್ಯಾಡ" ಎಂದರು. ಹೇಳಿದ ಹಾಗೇ ಬರೆಯುತ್ತಿದ್ದೇನೆ:

"ಶಾರವ್ವಾ, ನೀ ಬಸ್ಸಿನ್ಯಾಗ ನಿಂತು ಸಾಲಿಗೆ ಹೋದಿ, ಅದಕ್ಕ ಕೂಸು ಹೋತು ಅಂತ ನಾ ಒಂದು ದಿನಾನೂ ಅಂದ್ಕೊಂಡಿಲ್ಲ. ಅವತ್ತು ನಿನಗ ಬ್ಯಾನಿ ಚಾಲೂ ಆದಾಗ ನನ್ನ ಮಗ ಹೂವಪ್ಪ ಗಾಡಿ ತರ್ತೇನಿ, ದವಾಖಾನಿಗೆ ಹೋಗೂಣು ಅಂದ. ಬ್ಯಾಡ, ಮನ್ಯಾಗ ಆಗಲಿ, ನಾ ನಾಕು ಹಡದಾಕಿ ಅದೇನಿ ಅಂದಾಕಿ ನಾನು. ನೀ ನನ್ನ ಮಾತಿಗೆ ಹೂಂ ಅಂದಿ. ಕೂಸು ಹೋತು. ಅವತ್ತಿಂದ ನಿನ್ನ ಮಾರಿ ನೋಡಾಕ ನನಗ ಧೈರ್ಯ ಬರಲಿಲ್ಲ. ನೀ ಬೈದಿದ್ರ ಹಗುರ ಆಗ್ತಿತ್ತು. ನೀ ಬೈಲಿಲ್ಲ. ನೀ ನಗೂದು ಬಿಟ್ಟಿ. ಅದಕ್ಕ ಫೋಟೋ ನೋಡಿ ನನಗ ಮನ್ಯಾಗ ಕುಂದ್ರಾಕ ಆಗಲಿಲ್ಲ, ಎಲ್ಲಾರಿಗೂ ತೋರ್ಸಿ ಬಂದೆ. ನಗಾಕ ಹೋಗೇವಿ ಅಂತ ಮೊದಲ ಹೇಳಿದ್ರ ನಾನ ಬುತ್ತಿ ಕಟ್ಟಿ ಕೊಡ್ತಿದ್ದೆ. ಲಗೂನ ಬರಬ್ಯಾಡ್ರಿ. ಸಾಲಿ ಚಾಲೂ ಆಗೂತನಕ ತಿರುಗಾಡ್ರಿ."

ಇಷ್ಟೇ. ಹೇಳಿ ಮುಗಿಸಿ, ಎಲ್ಲಿ ಬರೆದಿದ್ದಿ ತೋರಿಸು ಎಂದರು. ಬೆರಳಿಟ್ಟು ಸಾಲುಗಳನ್ನು ಒಂದೊಂದಾಗಿ ಸವರಿದರು.

ಅಖ್ತರ್

*

ಪರಾಶರ ಕೆರೆಯ ದಂಡೆ
೧೭ ಮೇ ೧೯೮೨, ಸೋಮವಾರ

ಅತ್ತೆಯವರಿಗೆ,

ಈ ಕಾಗದ ಅಖ್ತರಳಿಗಲ್ಲ, ನಿಮಗೆ. ಅವಳು ಓದುತ್ತಾಳೆ, ನೀವು ಕೇಳಿರಿ.

ಶುಕ್ರವಾರ ನಮ್ಮ ಚೀಲಗಳು ಆಗಲೇ ಬಸ್ಸಿನ ಮೇಲೆ ಏರಿದ್ದವು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಅಂಚೆ ಮಾಸ್ತರರು ಚಪ್ಪಲಿಯಿಲ್ಲದೆ ಓಡಿ ಬಂದು, "ಕರ್ನಾಟಕ್‌ವಾಲೆ! ಚಿಟ್ಟಿ!" ಎಂದು ಕೂಗಿದರು. ಒಂದು ವಾರದಿಂದ ದಿನಾ ಎರಡು ಸಲ ಹೋಗಿ ಕೇಳಿದ್ದಕ್ಕೆ ಅವರಿಗೆ ನಮ್ಮ ಮೇಲೆ ಕರುಣೆ ಹುಟ್ಟಿತ್ತು. ಬಸ್ಸಿನ ಪಾವಟಿಗೆಯ ಮೇಲೆ ನಿಂತೇ ಓದಿದೆ. ನಿಮ್ಮ ಮಾತು ಬಂದಲ್ಲಿ ಅಕ್ಷರ ಕಾಣಿಸಲಿಲ್ಲ, ಉಳಿದದ್ದನ್ನು ನಿಮ್ಮ ಮಗ ಓದಿದರು. ಡ್ರೈವರ್ ಬೈಯುತ್ತಿದ್ದ. ನಾನು ಮೇಲೆ ನೋಡಿ, "ಚೀಲ ಇಳಸ್ರಿ!" ಎಂದು ಕನ್ನಡದಲ್ಲೇ ಕೂಗಿದೆ. ಯಾರಿಗೂ ತಿಳಿಯಲಿಲ್ಲ. ಆದರೂ ಇಳಿಸಿದರು.

ನಿನ್ನೆ ಕಾಡಿನ ದಾರಿಯಲ್ಲಿ ಐದು ತಾಸು ಹತ್ತಿದೆವು. ಹಿಮ್ಮಡಿ ಗುಣವಾಗಿದೆ. ನಡುವೆ ನಿಮ್ಮ ಮಗ ಏದುಸಿರು ಬಿಡುತ್ತ ಕೂತಾಗ ಅವರ ಚೀಲದ ಅರ್ಧ ಸಾಮಾನು ನನ್ನ ಚೀಲಕ್ಕೆ ಬಂತು, ಇದನ್ನು ಅವರು ನಿಮಗೆ ಹೇಳುವುದಿಲ್ಲ. ಕಾಡು ಮುಗಿದದ್ದೇ ತಡ ಎದುರಿಗೆ ಬರೀ ಹುಲ್ಲಿನ ಗುಡ್ಡ, ಅದರ ಮಡಿಲಲ್ಲಿ ದುಂಡಗೆ ಒಂದು ಕೆರೆ. ನೀಲಿ ಎಂದರೆ ನಾವು ಬಟ್ಟೆಗೆ ಹಾಕುವ ನೀಲಿ. ನಡುವೆ ಹುಲ್ಲಿನ ಒಂದು ದುಂಡು ದ್ವೀಪ ತಾನಾಗಿ ತೇಲುತ್ತದೆ. ಬೆಳಿಗ್ಗೆ ಈ ಕಡೆ ಇತ್ತು, ಈಗ ಆ ಕಡೆಗಿದೆ. ದಂಡೆಯ ಮೇಲೆ ಮೂರಂತಸ್ತಿನ ಕಟ್ಟಿಗೆಯ ಗುಡಿ. ಈ ಸಲ ಖರೇನೇ ಗುಡಿ. ಹಿಂದೆ ಸುತ್ತಲೂ ಹಿಮದ ಬೆಟ್ಟಗಳು. ಇವತ್ತು ನಿಮ್ಮ ಮಗ ಒಂದೊಂದರ ಹೆಸರು ಹೇಳುತ್ತ, ಹಿಂದೆ ಹಿಂದೆ ಸರಿಯುತ್ತ, ಜಾರಿ ಮೊಣಕಾಲುದ್ದ ನೀರಿಗೆ ಬಿದ್ದರು. ನಾನು ನಕ್ಕು ನಕ್ಕು ಹುಲ್ಲಿನ ಮೇಲೆ ಕೂತುಬಿಟ್ಟೆ.

ಆಗ ಕುರಿ ಕಾಯುವ ಒಬ್ಬ ಮುದುಕಿ ಬಂದು ನನ್ನ ಹತ್ತಿರ ಕೂತಳು. ಎಲ್ಲಿಯವಳು, ಗಂಡ ಯಾರು ಎಂದೆಲ್ಲ ಕೇಳಿದಳು. ನೀರಿನಲ್ಲಿ ನಿಂತವರನ್ನು ತೋರಿಸಿದೆ. ಮಕ್ಕಳೆಷ್ಟು ಎಂದು ಕೇಳಿದಳು. ಒಂದು ವರ್ಷದಿಂದ ಈ ಮಾತು ಕೇಳಿದವರಿಗೆಲ್ಲ 'ಇಲ್ಲ' ಎಂದು ಹೇಳಿ ಮುಖ ತಿರುಗಿಸಿದ್ದೆ. ಇವತ್ತು, "ಒಂದು ಹೆಣ್ಣುಕೂಸು ಇತ್ತು. ಮೂರು ದಿನ ಇತ್ತು" ಎಂದೆ. ಆಕೆ ತಲೆ ಅಲ್ಲಾಡಿಸಿ, ಏನು ಹೆಸರಿಟ್ಟಿದ್ದಿ ಎಂದಳು.

ನಾವು ಹೆಸರಿಟ್ಟಿರಲಿಲ್ಲ, ಅತ್ತೀ. ಆದರೆ ಬಾಣಂತಿ ಕೋಣೆಯಲ್ಲಿ ನೀವು ಅವಳ ಕಿವಿಯ ಹತ್ತಿರ ಏನೋ ಕರೆಯುತ್ತಿದ್ದಿರಿ. ನಾನು ಮಲಗಿದ್ದೇನೆ ಎಂದುಕೊಂಡಿದ್ದಿರಿ. ನನಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ನಾನೂ ಮನಸ್ಸಿನಲ್ಲಿ ಒಂದು ಹೆಸರಿಟ್ಟಿದ್ದೆ. ನಿಮ್ಮ ಮಗನಿಗೂ ಹೇಳಿಲ್ಲ. ದವಾಖಾನೆ ಬೇಡ ಎಂಬ ನಿಮ್ಮ ಮಾತಿಗೆ ಹೂಂ ಅಂದಾಕಿ ನಾನೂ ಅದೇನಿ. ಅದನ್ನು ನೀವೊಬ್ಬರೇ ಹೊತ್ತುಕೊಂಡು ಕೂಡುವುದು ಬೇಡ. ಬಂದ ಮೇಲೆ ಕೂತು, ನೀವು ಕರೆದ ಹೆಸರು ನನಗೆ ಹೇಳಿರಿ. ನನ್ನದು ನಾನು ಹೇಳುತ್ತೇನೆ.

ಆ ಮುದುಕಿಗೆ ಕೂಸಿನ ಸಂಗತಿ ಹೇಳಿದ ಮೇಲೆ ಅಳು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಹಸಿವು. ಅಂಥ ಹಸಿವು ನಾನು ಕಂಡೇ ಇಲ್ಲ. ಮುದುಕಿ ತನ್ನ ಗಂಟು ಬಿಚ್ಚಿ ಮೆಕ್ಕೆಜೋಳದ ರೊಟ್ಟಿ, ಬೆಣ್ಣೆ, ಕಾಡುಸೊಪ್ಪಿನ ಚಟ್ನಿ ಮುಂದಿಟ್ಟಳು. ನಾಲ್ಕು ತಿಂದೆ. ನಿಮ್ಮ ಮಗ ಒದ್ದೆ ಪ್ಯಾಂಟು ಹಿಂಡಿಕೊಂಡು ಬರುವಷ್ಟರಲ್ಲಿ ಒಂದೇ ಉಳಿದಿತ್ತು. ಅದರಲ್ಲೂ ಅರ್ಧ ನನ್ನ ಕೈಯಲ್ಲಿತ್ತು.

ನಿಮ್ಮ
ಶಾರವ್ವ